ನಾಲ್ಕನೇ ದೃಶ್ಯ

ಬೆನೆಡಿಕ್ಟಾ ಟೀಚರು ಬರೆದ ಯಾವ ನಾಟಕದ ಕೊನೆಯನ್ನೂ ಬೆಳ್ಮಣ್‌ನ ಜನ ನೋಡಿದವರಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ, ನಾಟಕ ಸಂಘದ ಹೊರೆ ಹೊತ್ತು, ವಾರ್ಷಿಕೋತ್ಸವಕ್ಕೆ ವರ್ಷಕ್ಕೊಂದರಂತೆ ಇಪ್ಪತ್ತೊಂದು ನಾಟಕ ಬರೆದು ಆಡಿಸಿದ್ದರು. ಒಂದೊಂದಕ್ಕೂ ನಾಲ್ಕು ದೃಶ್ಯ. ವೇದಿಕೆ ಹತ್ತಿದ್ದು ಮೂರೇ ಮೂರು. ನಾಲ್ಕನೆಯದನ್ನು ಬರೆದ ಟೀಚರೂ ನೋಡಿರಲಿಲ್ಲ.

ಇದಕ್ಕೆ ಕಾರಣ ಯಾರ ಕೆಟ್ಟತನವೂ ಅಲ್ಲ, ಒಬ್ಬ ಡ್ರೈವರನ ಒಳ್ಳೆಯತನ. ಕಾರ್ಕಳಕ್ಕೆ ಹೋಗುವ ಕೊನೆಯ ಬಸ್ಸು ಏಳೂವರೆಗೆ ಬೆಳ್ಮಣ್ ಪೇಟೆ ದಾಟುತ್ತಿತ್ತು. ವಾರ್ಷಿಕೋತ್ಸವದ ದಿನ ನಿಟ್ಟೆಯ ಕಡೆಯ ಮಕ್ಕಳಿಗೂ ಅವರ ತಾಯಂದಿರಿಗೂ ತೊಂದರೆಯಾಗಬಾರದೆಂದು ಆ ಪುಣ್ಯಾತ್ಮ ಬಸ್ಸನ್ನು ಶಾಲೆಯ ಗೇಟಿಗೇ ತಂದು, ಮೂರು ಸಲ ಹಾರ್ನ್ ಹೊಡೆದು, ಐದು ನಿಮಿಷ ಕಾಯುತ್ತಿದ್ದ. ಆ ಡ್ರೈವರ್ ಹೋಗಿ ಇನ್ನೊಬ್ಬ ಬಂದ, ಅವನೂ ಹೋಗಿ ಮತ್ತೊಬ್ಬ ಬಂದ. ಪದ್ಧತಿ ಮಾತ್ರ ಉಳಿಯಿತು. ಹಾರ್ನ್ ಕೇಳಿದ್ದೇ ತಡ, ಅರ್ಧ ಮೈದಾನ ಎದ್ದು ಮಕ್ಕಳನ್ನು ಕಂಕುಳಿಗೆ ಏರಿಸಿಕೊಳ್ಳುತ್ತಿತ್ತು. ಉಳಿದರ್ಧ, ಎಲ್ಲರೂ ಎದ್ದರೆಂದು ಎದ್ದು ನಿಲ್ಲುತ್ತಿತ್ತು. ಜನರ ಬೆನ್ನಿಗೆ ನಾಟಕ ತೋರಿಸುವುದು ಹೇಗೆ? ಪರದೆ ಎಳೆದು ಜನಗಣಮನ ಹಾಡಿಸುವುದೇ ಮರ್ಯಾದೆ.

ನಾಲ್ಕು ಗಂಟೆಗೆ ಶುರುವಾದ ಕಾರ್ಯಕ್ರಮ ಏಳೂವರೆಗೂ ಯಾಕೆ ಮುಗಿಯುತ್ತಿರಲಿಲ್ಲ ಎಂದು ಕೇಳುವವರು ಹೈಸ್ಕೂಲಿನ ವಾರ್ಷಿಕೋತ್ಸವ ನೋಡಿದವರಲ್ಲ. ಪ್ರಾರ್ಥನೆ, ಸ್ವಾಗತ ಗೀತೆ, ಸ್ವಾಗತ ನೃತ್ಯ, ಹೆಡ್‌ಮಾಸ್ಟ್ರ ವರದಿ, ನಿಂಬೆಹಣ್ಣು–ಚಮಚದ ಓಟದಲ್ಲಿ ಮೂರನೇ ಸ್ಥಾನದವರ ತನಕ ಬಹುಮಾನ, ಆಮೇಲೆ ಮುಖ್ಯ ಅತಿಥಿ. ಮುಖ್ಯ ಅತಿಥಿಗಳು ‘ನಾನು ಹೆಚ್ಚು ಮಾತಾಡುವುದಿಲ್ಲ’ ಎಂದು ಶುರುಮಾಡಿದರೆ ಟೀಚರಿಗೆ ಎದೆ ಧಸಕ್ಕೆನ್ನುತ್ತಿತ್ತು. ಹಾಗೆ ಹೇಳಿದವರು ಮುಕ್ಕಾಲು ಗಂಟೆಗೆ ಕಡಿಮೆ ಬಿಟ್ಟದ್ದೇ ಇಲ್ಲ.

ಮೊದಲ ನಾಲ್ಕೈದು ವರ್ಷ ಟೀಚರು ಸ್ಟಾಫ್‌ರೂಮಿನ ಮೂಲೆಯಲ್ಲಿ ಕೂತು ಅತ್ತದ್ದೂ ಉಂಟು. ಆಮೇಲೆ ರೂಢಿಯಾಯಿತು. ಮೂರನೇ ದೃಶ್ಯದಲ್ಲೇ ಕಥೆ ಮುಗಿದಂತೆ ತೋರುವ ಹಾಗೆ ಬರೆಯಲು ಕಲಿತರು. ನಾಲ್ಕನೆಯದು ಒಂದು ಬಾಲ, ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಆ ಬಾಲದಿಂದ ಒಂದು ಉಪಕಾರವೂ ಇತ್ತು. ಪಾತ್ರ ಕೊಡದೆ ಇರಲಾಗದ, ಕೊಟ್ಟರೆ ತಲೆನೋವಾಗುವ ಮಕ್ಕಳು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ. ಆಡಳಿತ ಮಂಡಳಿಯವರ ಮಾತೇ ಹೊರಡದ ಮಗ, ಅಳುಮುಂಜಿ, ಹಟಮಾರಿ. ಅವರನ್ನೆಲ್ಲ ನಾಲ್ಕನೇ ದೃಶ್ಯಕ್ಕೆ ಹಾಕಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಬಣ್ಣ ತೊಳೆದುಕೊಂಡು ಅವರು ಮನೆಗೆ ಹೋಗುತ್ತಿದ್ದರು. ‘ಬಸ್ಸು ಬಂತಲ್ಲ ಮಗಾ, ಎಂತ ಮಾಡುವುದು’ ಎಂದು ಟೀಚರು ಬೆನ್ನು ತಟ್ಟುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತರ ಜೂನ್ ತಿಂಗಳಲ್ಲಿ ಮುನೀರಾ ನಾಟಕ ಸಂಘಕ್ಕೆ ಹೆಸರು ಕೊಟ್ಟಳು.

ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಸಂಘಗಳ ಆಯ್ಕೆ. ಜಗಲಿಯಲ್ಲಿ ಸಾಲಾಗಿ ಮೇಜು ಹಾಕಿ ಮಾಸ್ಟ್ರುಗಳು ಕೂರುತ್ತಿದ್ದರು. ವಿಜ್ಞಾನ ಸಂಘಕ್ಕೆ ಬುದ್ಧಿವಂತರು, ಸ್ಕೌಟಿಗೆ ಗಟ್ಟಿಗರು. ತೋಟಗಾರಿಕೆ ಸಂಘಕ್ಕೆ ಸೇರಿದವರು ಹೆಡ್‌ಮಾಸ್ಟ್ರ ಮನೆಯ ಬಸಳೆ ಚಪ್ಪರಕ್ಕೆ ನೀರು ಹೊರುತ್ತಿದ್ದರು. ಹತ್ತನೇ ತರಗತಿಯ ಮುನೀರಾ ಎಲ್ಲ ಮೇಜುಗಳನ್ನು ದಾಟಿ ಬಂದು ಟೀಚರ ಎದುರು ನಿಂತಳು. ಪೇಟೆಯಲ್ಲಿ ಕೊಡೆ, ಚಪ್ಪಲಿ, ಟಾರ್ಚುಗಳ ಅಂಗಡಿ ಇಟ್ಟ ಬ್ಯಾರಿ ಮುಸಲ್ಮಾನ ಕುಂಞಾಲಿಯ ಮಗಳು. ತರಗತಿಯಲ್ಲಿ ಪದ್ಯ ಓದಲು ಎಬ್ಬಿಸಿದರೆ ಪಕ್ಕದ ತರಗತಿಯೂ ಸುಮ್ಮನಾಗುವಂಥ ಕಂಠ.

“ನನಗೆ ಮಾತಿರುವ ಪಾತ್ರ ಬೇಕು ಟೀಚರ್. ಸುಮ್ಮನೆ ನಿಲ್ಲುವುದು ಬೇಡ,” ಎಂದಳು.

ಹೆಡ್‌ಮಾಸ್ಟ್ರು ಲೀಲಾಧರರು ಪಟ್ಟಿ ನೋಡಿ ಕನ್ನಡಕ ತೆಗೆದರು. “ಎಂತ ಟೀಚರೇ ಇದು? ಬ್ಯಾರಿಗಳ ಹುಡುಗಿಯನ್ನು ಸ್ಟೇಜಿಗೆ ಹತ್ತಿಸಿದರೆ ನಾಳೆ ಅವರು ಬಂದು ಕೇಳುವುದು ನನ್ನನ್ನು. ಪ್ರಾರ್ಥನೆಗೆ ಹಾಕಿಬಿಡಿ ಮಾರಾಯ್ರೆ.”

ಟೀಚರಿಗೆ ಆಗ ಐವತ್ತೊಂದು ವರ್ಷ. ಮೊಣಕಾಲು ನೋವು, ಮೂರು ತರಗತಿಯ ಕಾಂಪೋಸಿಷನ್ ಪುಸ್ತಕಗಳು, ಜಗಳವಾಡುವಷ್ಟು ತ್ರಾಣವಿಲ್ಲ. ಹುಡುಗಿಗೆ ಇಲ್ಲವೆನ್ನಲೂ ಬಾಯಿ ಬರಲಿಲ್ಲ. ಕೈ ತಾನಾಗಿ ಹಳೆಯ ದಾರಿ ಹಿಡಿಯಿತು. ಆ ವರ್ಷದ ನಾಟಕದ ನಾಲ್ಕನೇ ದೃಶ್ಯದಲ್ಲಿ ಮುನೀರಾಗೊಂದು ಅಜ್ಜಿಯ ಪಾತ್ರ ಬರೆದರು. ತಲೆ ತುಂಬ ಸೆರಗು, ಕುಣಿತವಿಲ್ಲ, ಕೂತಲ್ಲೇ ಮಾತು. ಹುಡುಗಿಗೆ ಪಾತ್ರ ಸಿಕ್ಕಿತು, ವೇದಿಕೆ ಹತ್ತುವವರ ಪಟ್ಟಿಯಲ್ಲಿ ಅವಳ ಹೆಸರು ಕಾಣದೆ ಹೆಡ್‌ಮಾಸ್ಟ್ರಿಗೆ ನೆಮ್ಮದಿ ಸಿಕ್ಕಿತು. ಕುಂಞಾಲಿಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನ ಅಂಗಡಿ ಶಾಲೆಯಿಂದ ಕೂಗಳತೆ. ಆ ಮಳೆಗಾಲದಲ್ಲೇ ಟೀಚರು ಎರಡು ಸಲ ಕೊಡೆಯ ಕಡ್ಡಿ ಸರಿಮಾಡಿಸಲು ಹೋಗಿ, ಕೊಡೆಯ ವಿಷಯ ಮಾತಾಡಿ ಬಂದರು.

ನಾಟಕದಲ್ಲಿ ಹೊಳೆಗೆ ಸೇತುವೆ ಬರುತ್ತದೆ, ದೋಣಿ ದಾಟಿಸುವ ಕಡವು ಮುಚ್ಚುತ್ತದೆ. ಮೂರನೇ ದೃಶ್ಯದಲ್ಲಿ ರಿಬ್ಬನ್ ಕತ್ತರಿಸಿ ಊರೆಲ್ಲ ಸೇತುವೆ ದಾಟುತ್ತದೆ. ನಾಲ್ಕನೆಯದರಲ್ಲಿ ದೋಣಿಯವನ ಮುದಿ ತಾಯಿ ಹುಟ್ಟು ಹಿಡಿದು ಕಡವಿನಲ್ಲಿ ಒಬ್ಬಳೇ ಕೂತಿರುತ್ತಾಳೆ. ಸೇತುವೆಯ ಇಂಜಿನಿಯರ್ ಬಂದು, ಮನೆಗೆ ಹೋಗಿ ಎನ್ನುತ್ತಾನೆ. ಅವಳು ಏಳುವುದಿಲ್ಲ. ಅಷ್ಟೇ ದೃಶ್ಯ.

ನವೆಂಬರಿನಿಂದ ಶಾಲೆ ಬಿಟ್ಟ ಮೇಲೆ ಅಭ್ಯಾಸ. ಇಂಜಿನಿಯರ್ ಪಾತ್ರದ ವ್ಯಾಲೆಂಟೈನ್ ನಿಟ್ಟೆಯ ಹುಡುಗ, ಚಡ್ಡಿಯ ಜೇಬಿನಲ್ಲಿ ನೆಲ್ಲಿಕಾಯಿ ತುಂಬಿಕೊಂಡು ಬಂದು, ಅದನ್ನು ಜಗಿಯುತ್ತ ಮಾತು ಮರೆಯುತ್ತಿದ್ದ. ಮುನೀರಾ ತನ್ನ ಮಾತನ್ನೂ ಅವನ ಮಾತನ್ನೂ ಕಲಿತು ಬರುತ್ತಿದ್ದಳು. ಆಡದ ದೃಶ್ಯಕ್ಕೆ ಇಷ್ಟು ಸಾಕು ಎಂದು ಬಿಡಬಹುದಿತ್ತು. ಆದರೆ ಟೀಚರಿಗೆ ಕೆಟ್ಟ ಮಾತುಗಾರಿಕೆ ಕೇಳಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

“ಕೊನೆಯವನು ದಾಟುವ ತನಕ ಕಡವು ಮುಚ್ಚುವ ಪದ್ಧತಿ ನಮ್ಮಲ್ಲಿ ಇಲ್ಲ ಮಗಾ,” ಎಂದು ಮುನೀರಾ ಹೇಳಿದಳು.

“ಗಂಟಲಿನಿಂದ ಬೇಡ. ಹೊಟ್ಟೆಯಿಂದ. ಅವಳು ಬೇಡುತ್ತಿಲ್ಲ, ತಿಳಿಸುತ್ತಿದ್ದಾಳೆ. ಇನ್ನೊಮ್ಮೆ.”

ಇನ್ನೊಮ್ಮೆ, ಮತ್ತೊಮ್ಮೆ. ಒಂದು ಸಂಜೆ ಅದೊಂದೇ ಮಾತನ್ನು ಹನ್ನೊಂದು ಸಲ ಹೇಳಿಸಿದರು. ಹತ್ತನೆಯ ಸಲ “ತಲೆಯಲ್ಲಿ ಎಂತ ಉಂಟು ನಿನಗೆ, ಮಣ್ಣಾ?” ಎಂದು ಬೈದರು. ಹುಡುಗಿಯ ಕಣ್ಣು ತುಂಬಿತು. ಆದರೂ ಹನ್ನೊಂದನೆಯ ಸಲ ಹೇಳಿದಳು, ಆ ಸಲ ಟೀಚರ ಮೈ ಜುಮ್ಮೆಂದಿತು. ಹೊರಗೆ ನಿಂತು ನೀರು ಕುಡಿಯುತ್ತಿದ್ದ ವ್ಯಾಲೆಂಟೈನ್ ಕೂಡ ಒಳಗೆ ಇಣುಕಿದ.

ಆ ರಾತ್ರಿ ಟೀಚರಿಗೆ ನಿದ್ರೆ ಹತ್ತಲಿಲ್ಲ. ಇಷ್ಟು ವರ್ಷ ಬಾಲಕ್ಕೆ ಹಾಕಿದ್ದು ಬೇಡದ ಮಕ್ಕಳನ್ನು. ಈ ಸಲ ಹಾಕಿದ್ದು ಸಂಘ ಕಂಡ ಅತ್ಯಂತ ಒಳ್ಳೆಯ ಮಾತುಗಾರ್ತಿಯನ್ನು. ಮರುದಿನ ಹೆಡ್‌ಮಾಸ್ಟ್ರ ಬಳಿ ಹೋಗಿ, “ಸರ್, ಈ ಸಲ ಭಾಷಣ ಸ್ವಲ್ಪ ಚುಟುಕಾಗಿ ಮುಗಿಸಲಿಕ್ಕೆ ಹೇಳಿದರೆ...” ಎಂದು ರಾಗ ಎಳೆದರು.

“ಮುಖ್ಯ ಅತಿಥಿಗಳು ಶಾಲೆಗೆ ನೀರಿನ ಪಂಪು ಕೊಡುವ ಜನ ಟೀಚರೇ. ಬಾಯಿ ಮುಚ್ಚಿ ಅಂತ ಹೇಗೆ ಹೇಳುವುದು?”

ನಾಲ್ಕನೇ ದೃಶ್ಯದಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂದು ಹೇಳಲು ಟೀಚರು ಬಾಯಿ ತೆರೆದು, ಹೇಳಿದರೆ ಮತ್ತೆ ಬ್ಯಾರಿಗಳ ರಗಳೆ ಶುರುವಾಗುತ್ತದೆಂದು ಮುಚ್ಚಿಕೊಂಡರು. “ಇದೇ ಕೊನೆ ಸರ್. ಮುಂದಿನ ವರ್ಷ ನಾಟಕ ಸಂಘವನ್ನು ಬೇರೆಯವರಿಗೆ ಕೊಡಿ,” ಎಂದಷ್ಟೇ ಹೇಳಿ ಬಂದರು. ಹೇಡಿತನಕ್ಕೆ ದಣಿವು ಅಂತ ಹೆಸರಿಟ್ಟುಕೊಂಡರೆ ಸುಲಭವಾಗುತ್ತದೆ. ಟೀಚರು ಹಾಗೇ ಇಟ್ಟುಕೊಂಡರು.

ಜನವರಿಯ ಎರಡನೇ ಶನಿವಾರ ವಾರ್ಷಿಕೋತ್ಸವ. ಪಂಪು ಕೊಡುವವರು ‘ನಾನು ಹೆಚ್ಚು ಮಾತಾಡುವುದಿಲ್ಲ’ ಎಂದು ಶುರುಮಾಡಿ, ಶಿಸ್ತಿನ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ನಾಟಕದ ಪರದೆ ಏಳುವಾಗ ಆರೂಮುಕ್ಕಾಲು. ಮೂರನೇ ದೃಶ್ಯದಲ್ಲಿ ರಿಬ್ಬನ್ ಕತ್ತರಿಸುತ್ತಿದ್ದಂತೆ ಗೇಟಿನಲ್ಲಿ ಹಾರ್ನ್ ಕೂಗಿತು. ಒಂದು, ಎರಡು, ಮೂರು.

ಟೀಚರು ಯೋಚಿಸಲಿಲ್ಲ. ಬಲಗೈ ಮೇಲೆದ್ದಿತು, ಪರದೆಯ ಹುಡುಗ ಹಗ್ಗ ಎಳೆದ. ವೇದಿಕೆಯ ಎದುರು ಬದಿಯ ಮರೆಯಲ್ಲಿ ತಲೆಗೆ ಸೆರಗು ಹೊದ್ದು, ಹುಟ್ಟು ಹಿಡಿದು ಮುನೀರಾ ತನ್ನ ಸರದಿಗಾಗಿ ಕಾದು ನಿಂತಿದ್ದಳು. ಜನಗಣಮನ ಶುರುವಾದಾಗ ಹಾಗೇ ನೆಟ್ಟಗೆ ನಿಂತಳು, ಹುಟ್ಟು ಕೈಯಲ್ಲೇ ಇತ್ತು. ಟೀಚರು ಕಣ್ಣು ಬೇರೆ ಕಡೆ ಮಾಡಿದರು.

ಹತ್ತು ನಿಮಿಷದಲ್ಲಿ ಮೈದಾನ ಖಾಲಿ. ವ್ಯಾಲೆಂಟೈನ್ ಅಂಟಿಸಿದ ಮೀಸೆಯ ಸಮೇತ ಬಸ್ಸಿಗೆ ಓಡಿದ್ದ. ಹೆಡ್‌ಮಾಸ್ಟ್ರು ಮುಖ್ಯ ಅತಿಥಿಯ ಕಾರಿನ ಹಿಂದೆ ಹೋಗಿದ್ದರು. ಮೈಕಿನ ಓಸ್ವಾಲ್ಡ್ ವಯರು ಸುತ್ತಲು ತೊಡಗಿದ್ದ. ಟೀಚರು ಪೌಡರ್ ಡಬ್ಬಿ, ಕನ್ನಡಿ, ಸುಳ್ಳು ಜಡೆಗಳನ್ನು ಟ್ರಂಕಿಗೆ ತುಂಬಿ ತಿರುಗಿದರೆ, ಮುನೀರಾ ವೇದಿಕೆಯ ನಡುವಿನ ಬೆಂಚಿನ ಮೇಲೆ, ಕಡವಿನ ಅಜ್ಜಿ ಕೂರಬೇಕಾದಲ್ಲೇ ಕೂತಿದ್ದಳು. ಹಿಂದಿನ ವರ್ಷಗಳಲ್ಲಿ ಅವಳು ಬಹುಮಾನ ಹಂಚಿದ ಕೂಡಲೇ ಮನೆಗೆ ಹೋಗುತ್ತಿದ್ದವಳು. ಹಾರ್ನಿನ ಪದ್ಧತಿ ಅವಳಿಗೆ ತಿಳಿದಿರಲಿಲ್ಲ.

“ಟೀಚರ್, ನಮ್ಮ ದೃಶ್ಯ?”

“ಬಸ್ಸು ಬಂತಲ್ಲ ಮಗಾ. ಎಂತ ಮಾಡುವುದು.”

ಮುನೀರಾ ಏಳಲಿಲ್ಲ. “ಬಸ್ಸು ಪ್ರತಿ ವರ್ಷ ಬರುತ್ತದೆ ಅಂತ ಹುಡುಗರು ಈಗ ಹೇಳಿದರು. ಹೌದಾ ಟೀಚರ್?”

“ಹೌದು.”

“ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತು.”

ಸುಳ್ಳು ಹೇಳಲು ಎಡೆಯಿತ್ತು. ಟೀಚರಿಗೆ ಅದಕ್ಕೂ ತ್ರಾಣವಿರಲಿಲ್ಲ. “ಗೊತ್ತಿತ್ತು,” ಎಂದರು.

“ಮತ್ತೆ ನನಗೆ ಬೈದದ್ದು ಯಾಕೆ? ಹನ್ನೊಂದು ಸಲ ಹೇಳಿಸಿದ್ದು ಯಾಕೆ?”

ಇಪ್ಪತ್ತೆರಡು ವರ್ಷದಲ್ಲಿ ಯಾವ ಇನ್ಸ್‌ಪೆಕ್ಟರೂ ಟೀಚರಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವರು ಟ್ರಂಕಿನ ಮೇಲೆ ಕೂತರು. ಬಣ್ಣ ತೊಳೆದುಕೊಂಡು ಹೋದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ನೆನಪಿಗೆ ಬಂದರು.

“ಟೀಚರೇ, ಉಳಿದದ್ದು ಯಾವಾಗ ಶುರು ಆಗುವುದು?”

ಧ್ವನಿ ಮೈದಾನದಿಂದ ಬಂತು. ಖಾಲಿ ಕುರ್ಚಿಗಳ ನಡುವೆ, ಎರಡನೇ ಸಾಲಿನಲ್ಲಿ ಕುಂಞಾಲಿ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಖದೀಜಮ್ಮ, ತಲೆಯ ಬಿಳಿ ಬಟ್ಟೆ ಸರಿಮಾಡಿಕೊಳ್ಳುತ್ತ, ಕಾಲು ನೆಲಕ್ಕೆ ಎಟುಕದೆ, ವೇದಿಕೆಯನ್ನೇ ನೋಡುತ್ತಿದ್ದರು.

ಟೀಚರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು. “ಕುಂಞಾಲಿಯವರೇ, ಮುಗಿಯಿತಲ್ಲ. ಜನಗಣಮನ ಆಯಿತು.”

“ಅದು ಬಸ್ಸಿನವರಿಗೆ. ನಮಗೆ ಬಸ್ಸು ಬೇಡ, ಮನೆ ಇಲ್ಲೇ. ಉಮ್ಮನಿಗೆ ನಡೆಯಲಿಕ್ಕೆ ಆಗುವುದಿಲ್ಲ ಅಂತ ಕಾರು ಮಾಡಿ ಕರಕೊಂಡು ಬಂದದ್ದು. ಮೂರು ಗಂಟೆಗೇ ಅಂಗಡಿ ಬಾಗಿಲು ಹಾಕಿದ್ದೇನೆ. ಮಗಳ ಮಾತು ಇನ್ನೂ ಬರಲೇ ಇಲ್ಲವಲ್ಲ.”

“ನಿಮಗೆ... ಅವಳು ಸ್ಟೇಜಿಗೆ ಹತ್ತುವುದು ಬೇಸರ ಆದೀತು ಅಂತ ನಾವು...”

ಕುಂಞಾಲಿ ಅರ್ಥವಾಗದವನಂತೆ ನೋಡಿದ. ಆಮೇಲೆ ಅರ್ಥವಾಯಿತು, ಮುಖ ಸಣ್ಣದಾಯಿತು. “ನನ್ನತ್ರ ಯಾರೂ ಕೇಳಲೇ ಇಲ್ಲ ಟೀಚರೇ. ಕೊಡೆ ರಿಪೇರಿಗೆ ಬಂದಾಗ ಒಂದು ಮಾತು ಕೇಳಬಹುದಿತ್ತು ಅಲ್ವಾ?”

ಟೀಚರು ತಲೆ ತಗ್ಗಿಸಿದರು. ಓಸ್ವಾಲ್ಡ್ ಕೊನೆಯ ಬಲ್ಬಿಗೆ ಏಣಿ ಇಡುತ್ತಿದ್ದ. ಟೀಚರು ಅವನಿಗೆ ಕೊಂಕಣಿಯಲ್ಲಿ, ಅದೊಂದನ್ನು ಬಿಡು ಎಂದರು. ಮುನೀರಾಳ ಕಡೆ ತಿರುಗಿ, “ಈಗ ಮಾಡು ಮಗಾ. ವ್ಯಾಲೆಂಟೈನನ ಮಾತು ನಾನು ಓದುತ್ತೇನೆ,” ಎಂದರು.

“ಬೇಡ ಟೀಚರ್.”

ಕೋಪವಿಲ್ಲದೆ ಹೇಳಿದಳು, ಆದ್ದರಿಂದ ಇನ್ನಷ್ಟು ಚುಚ್ಚಿತು. ಹುಟ್ಟನ್ನು ನೆಲಕ್ಕಿಟ್ಟು, ತಲೆಯ ಸೆರಗು ತೆಗೆಯಲು ಕೈ ಎತ್ತಿದಳು.

ಆಗ ಮೈದಾನದ ಕತ್ತಲಿನಿಂದ ಒಂದು ಒಡಕು ಧ್ವನಿ, ಅಕ್ಷರ ಅಕ್ಷರವಾಗಿ, ಪುಸ್ತಕದ ಕನ್ನಡದಲ್ಲಿ ಕೇಳಿತು:

“ಅಜ್ಜೀ, ಎಲ್ಲರೂ ಸೇತುವೆ ದಾಟಿ ಆಯಿತು. ನೀವು ಇಲ್ಲಿ ಯಾರನ್ನು ಕಾಯುತ್ತಿದ್ದೀರಿ?”

ಖದೀಜಮ್ಮ! ಬ್ಯಾರಿ ಭಾಷೆ ಮತ್ತು ತುಳು ಬಿಟ್ಟರೆ ಬೇರೆ ಮಾತು ಅವರ ಬಾಯಲ್ಲಿ ಊರಿನ ಯಾರೂ ಕೇಳಿರಲಿಲ್ಲ. ಟೀಚರು ಬೆಪ್ಪಾಗಿ ಕುಂಞಾಲಿಯನ್ನು ನೋಡಿದರು.

“ಎರಡು ತಿಂಗಳಿಂದ ಮನೆಯಲ್ಲಿ ಇದೇ,” ಎಂದು ಅವನು ಮೆಲ್ಲಗೆ ಹೇಳಿದ. “ಆ ಇಂಜಿನಿಯರ್ ಹುಡುಗನಿಗೆ ಮಾತು ಬರುವುದಿಲ್ಲ ಅಂತ ಉಮ್ಮನ ಎದುರು ಕೂತು ಅಭ್ಯಾಸ ಮಾಡಿದ್ದು. ಅರ್ಧದ ಅರ್ಥ ಉಮ್ಮನಿಗೆ ಗೊತ್ತಿಲ್ಲ. ಮಾತು ಮಾತ್ರ ಒಂದೂ ತಪ್ಪುವುದಿಲ್ಲ.”

ಮುನೀರಾಳ ಕೈ ಸೆರಗಿನ ಮೇಲೇ ನಿಂತಿತ್ತು. ಖದೀಜಮ್ಮ ಬಿಡಲಿಲ್ಲ. “ಅಜ್ಜೀ, ಯಾರನ್ನು ಕಾಯುತ್ತಿದ್ದೀರಿ?” ಎಂದು ಮತ್ತೊಮ್ಮೆ, ಈ ಸಲ ಸ್ವಲ್ಪ ಗದರಿಸಿ ಕೇಳಿದರು. ಎಪ್ಪತ್ತು ದಾಟಿದ ಅಜ್ಜಿ ಮೊಮ್ಮಗಳನ್ನು ಅಜ್ಜೀ ಎಂದು ಗದರಿಸಿದ್ದಕ್ಕೆ ಓಸ್ವಾಲ್ಡನಿಗೆ ನಗು ಬಂತು. ಮುನೀರಾಳ ತುಟಿಯೂ ಒಂದಿಷ್ಟು ಸಡಿಲವಾಯಿತು. ಅವಳು ಬಾಗಿ ಹುಟ್ಟನ್ನು ಎತ್ತಿಕೊಂಡಳು.

“ಬರುವವರನ್ನು, ಮಗಾ.”

ಟೀಚರು ಮುಂದಿನ ಸಾಲಿನಲ್ಲಿ, ಮುಖ್ಯ ಅತಿಥಿಗೆಂದು ಬಿಳಿ ಟವೆಲು ಹಾಸಿದ್ದ ಕುರ್ಚಿಯಲ್ಲಿ ಕುಸಿದು ಕೂತರು. ತಮ್ಮ ನಾಟಕವನ್ನು ಎದುರು ಕೂತು ನೋಡಿದ್ದು ಅದೇ ಮೊದಲು. ಬರೆದದ್ದರಲ್ಲಿ ಇದ್ದ ತಪ್ಪುಗಳೆಲ್ಲ ಕಂಡವು. ಒಂದು ಮಾತು ಉದ್ದವಾಗಿತ್ತು, ಇನ್ನೊಂದು ಎರಡು ಸಲ ಬಂದಿತ್ತು. ಆಡಿದರಲ್ಲವೇ ತಿಳಿಯುವುದು? ಖದೀಜಮ್ಮ ಕುರ್ಚಿಯ ಕೈ ಹಿಡಿದುಕೊಂಡು ಇಂಜಿನಿಯರನ ಮಾತು ಹೇಳುತ್ತಿದ್ದರು. ಮುನೀರಾ ಮೈಕಿಲ್ಲದೆ, ಹೊಟ್ಟೆಯಿಂದ ಹೇಳುತ್ತಿದ್ದಳು. ಗೇಟಿನ ತನಕ ಕೇಳುವಂತಿತ್ತು.

“ಇನ್ನು ಯಾರೂ ಬರುವುದಿಲ್ಲ. ಮನೆಗೆ ಹೋಗಿ.”

“ಕೊನೆಯವನು ದಾಟುವ ತನಕ ಕಡವು ಮುಚ್ಚುವ ಪದ್ಧತಿ ನಮ್ಮಲ್ಲಿ ಇಲ್ಲ ಮಗಾ.”

ಓಸ್ವಾಲ್ಡ್ ವಯರು ಸುತ್ತುವುದನ್ನು ನಿಲ್ಲಿಸಿದ್ದ. ಟೀಚರು ಸೀರೆಯ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ದೃಶ್ಯ ಮುಗಿಯಿತು. ಕುಂಞಾಲಿ ಒಬ್ಬನೇ ಚಪ್ಪಾಳೆ ತಟ್ಟಿ, ಮೈದಾನದಲ್ಲಿ ಅದರ ಸದ್ದು ದೊಡ್ಡದಾಗಿ ಕೇಳಿದ್ದಕ್ಕೆ ನಾಚಿ ನಿಲ್ಲಿಸಿದ. ಟೀಚರು ಗಡಿಯಾರ ನೋಡಿಕೊಂಡರು. ಆರು ನಿಮಿಷ ಆಗಿತ್ತು.

ಮುನೀರಾ ಇಳಿದು ಬಂದು ಹುಟ್ಟನ್ನು ಟೀಚರ ಕೈಗೆ ಕೊಟ್ಟಳು.

“ನನ್ನದು ತಪ್ಪಾಯಿತು ಮುನೀರಾ.”

“ಹೌದು ಟೀಚರ್,” ಎಂದಳು. ತಲೆಯ ಸೆರಗು ತೆಗೆಯುತ್ತ, “ಸೋಮವಾರ ಕನ್ನಡ ಟೆಸ್ಟು ಉಂಟಾ?” ಎಂದು ಕೇಳಿದಳು.

“ಉಂಟು.”

ಅವಳು ತಲೆಯಾಡಿಸಿ, ಅಜ್ಜಿಯ ಕೈ ಹಿಡಿದು ಕಾರಿನ ಕಡೆ ನಡೆದಳು. ಮಾರ್ಚಿಗೆ ಪರೀಕ್ಷೆ, ಆಮೇಲೆ ಅವಳು ಈ ಶಾಲೆಯವಳಲ್ಲ. ಟೀಚರು ಎಷ್ಟು ತಿದ್ದಿಕೊಂಡರೂ ಅದು ಬೇರೆ ಮಕ್ಕಳಿಗೆ.

ಸೋಮವಾರ ಹೆಡ್‌ಮಾಸ್ಟ್ರು ಖುಷಿಯಲ್ಲಿದ್ದರು. ಪಂಪು ಕೊಡುವ ಒಪ್ಪಿಗೆಯ ಚೀಟಿ ಕೈಸೇರಿತ್ತು. “ಎಲ್ಲ ಸಮಯಕ್ಕೆ ಸರಿಯಾಗಿ ಮುಗಿಯಿತಲ್ಲ ಟೀಚರೇ! ನಾಟಕ ಸಂಘ ಯಾರಿಗೆ ಕೊಡುವುದು ಅಂತ ನೋಡುತ್ತಿದ್ದೇನೆ.”

“ಈಗ ಬೇಡ ಸರ್. ನಾಲ್ಕನೇ ದೃಶ್ಯ ಬಾಕಿ ಉಂಟು.”

“ಯಾವ ನಾಲ್ಕನೇ ದೃಶ್ಯ?” ಲೀಲಾಧರರು ನಿಜಕ್ಕೂ ಕೇಳಿದರು.

ಆ ದಿನ ಸಂಜೆ ಏಳೂವರೆಗೆ ಟೀಚರು ಪೇಟೆಯ ಬಸ್‌ಸ್ಟಾಂಡಿನಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತ ನಿಂತಿದ್ದರು. ಕಾರ್ಕಳದ ಕೊನೆಯ ಬಸ್ಸು ಬಂತು. ಟೀಚರು ಹತ್ತಲಿಲ್ಲ, ಡ್ರೈವರನ ಬಾಗಿಲ ಬಳಿ ಹೋದರು.

“ಮುಂದಿನ ವರ್ಷ ವಾರ್ಷಿಕೋತ್ಸವಕ್ಕೆ ಹಾರ್ನ್ ಹೊಡೆಯುವುದು ಒಂದು ಹತ್ತು ನಿಮಿಷ ತಡ ಮಾಡಲಿಕ್ಕೆ ಆಗುತ್ತದಾ?”

ಡ್ರೈವರ್ ಕಿಟಕಿಯಿಂದ ಬಾಗಿದ. “ಹತ್ತು ನಿಮಿಷವಾ? ಅರ್ಧ ಗಂಟೆ ಬೇಕಾದರೂ ನಿಲ್ಲಿಸುತ್ತಿದ್ದೆ ಟೀಚರೇ. ಆ ದಿನ ನನ್ನ ಬಸ್ಸಿಗೆ ನಿಮ್ಮ ಜನವೇ ಅಲ್ವಾ? ಹಾರ್ನ್ ಕೇಳಿದ ಕೂಡಲೇ ನೀವು ಪರದೆ ಹಾಕುತ್ತೀರಿ. ನಾಟಕ ಮುಗಿಸಲಿಕ್ಕೆ ನಿಮಗೆ ಅದು ಬೇಕು ಅಂತ ನಾನು ಅಂದುಕೊಂಡದ್ದು.”

ಬಸ್ಸು ಹೋಯಿತು. ಇವನನ್ನೂ ಒಂದು ಮಾತು ಕೇಳಿರಲಿಲ್ಲವಲ್ಲ ಎಂದುಕೊಂಡು ಟೀಚರು ರಸ್ತೆಯ ಕಡೆ ತಿರುಗಿದರು. ಎದುರಿನ ಕುಂಞಾಲಿಯ ಅಂಗಡಿಯಲ್ಲಿ ದೀಪವಿತ್ತು, ಬಾಗಿಲು ಇನ್ನೂ ಹಾಕಿರಲಿಲ್ಲ.